ಕೈಗುಣ ಸರಿ, ಬಾಯಿ?

"ಡಾಕ್ಟರ ಕೈಗುಣ ಚೆನ್ನಾಗಿದೆಯಲ್ಲ, ಬಾಯಿ ಹೇಗಿದ್ದರೆ ನಿಮಗೇನು?" ಎನ್ನುವ ಗೆಳೆಯರೇ, ಇದನ್ನು ನಾನು ಒಪ್ಪಲಾರೆ. ವಿಶಾಖಪಟ್ಟಣದಲ್ಲಿ ನನ್ನ ಪಿತ್ತಕೋಶ ತೆಗೆದ ಸರ್ಜನ್ನರ ಕೈ ಚಿನ್ನದಂಥದ್ದೇ. ನಾಲ್ಕು ತೂತು, ನಾಲ್ಕೂ ಕೀವಾಗದೆ ವಾಸಿಯಾದವು. ಆದರೆ ಆಪರೇಷನ್ನಿನ ರಾತ್ರಿ ಭುಜ ಕಿತ್ತು ಬರುವಂತೆ ನೋಯುತ್ತಿತ್ತು. ಹೃದಯಾಘಾತವೇ ಇರಬೇಕೆಂದು ಬೆಳಗಿನವರೆಗೂ ಬೆವೆತೆ. ರೌಂಡ್ಸಿಗೆ ಬಂದವರು "ಏಂ ಕಾದಂಡೀ" ಎಂದು ನಕ್ಕು, ಜೂನಿಯರುಗಳಿಗೆ ತಮ್ಮ ಹೊಲಿಗೆ ತೋರಿಸಿ, ಸಿನಿಮಾ ಹಾಡು ಗುನುಗುತ್ತ ಹೊರಟೇಹೋದರು. (ತೆಲುಗು ನನಗೆ ಅರ್ಥವಾಗುತ್ತದೆ, ಇದು ಭಾಷೆಯ ತೊಡಕಲ್ಲ.)

ವಾರದ ಮೇಲೆ, ನಾನು ಕೆಲಸ ಮಾಡುವ ವಿಜಯವಾಡದಲ್ಲಿ ಹೊಲಿಗೆ ಬಿಚ್ಚಿದ ನರ್ಸಮ್ಮ ಅರ್ಧ ನಿಮಿಷದಲ್ಲಿ ಹೇಳಿದರು: ಲ್ಯಾಪರೊಸ್ಕೋಪಿಯಲ್ಲಿ ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬುತ್ತಾರೆ, ಅದು ವಪೆಯನ್ನು ಕೆಣಕಿದರೆ ನೋವು ಭುಜದಲ್ಲಿ ಕಾಣುತ್ತದೆ, ಎರಡು ಮೂರು ದಿನಕ್ಕೆ ಹೋಗುತ್ತದೆ. ಇಷ್ಟೇ!

ರೋಗಿಯೊಡನೆ ಮಾತಾಡುವ ಪಾಠ 2019ರಿಂದ ಎಂಬಿಬಿಎಸ್ ಪಠ್ಯದಲ್ಲೇ ಇದೆ. ಅದಕ್ಕೂ ಮುಂಚೆ ಓದಿದವರನ್ನು ಬಿಟ್ಟುಬಿಡಿ ಅನ್ನುತ್ತೀರಾ? ಆ ನರ್ಸಮ್ಮನಿಗೆ ಯಾವ ಪಠ್ಯವಿತ್ತು? ಊರು ಬಿಟ್ಟು ಬಂದ ನಮ್ಮಂಥವರ ಮಂಚದ ಪಕ್ಕ ಗದರಿಸಿ ಕೇಳಲು ಅಣ್ಣ, ಮಾವ ಯಾರೂ ಇರುವುದಿಲ್ಲ. ಡಿಸ್ಚಾರ್ಜ್ ಹಾಳೆಗೆ ಸಹಿ ಕೇಳಿದಾಗ ನೀವೇ ಕೇಳಿ: ಎಲ್ಲಿ ನೋಯಬಹುದು, ಎಷ್ಟು ದಿನ, ಯಾವಾಗ ಓಡಿ ಬರಬೇಕು? ಉತ್ತರ ಬರುವವರೆಗೆ ಪೆನ್ನು ಮುಟ್ಟಬೇಡಿ.