ಫ್ಲೆಕ್ಸಿ ಟೈಮ್ ಅಂದ್ರೆ ಪುರುಸೊತ್ತಲ್ಲ!

ಮಕ್ಕಳು ಸ್ಕೂಲಿಗೆ ಹೋಗೋಕೆ ಶುರು ಮಾಡಿದರು, ಬಿಟ್ಟ ಕೆಲಸಕ್ಕೆ ಮತ್ತೆ ಸೇರೋಣ ಅಂತಿದ್ದೀರಾ? 'ಫ್ಲೆಕ್ಸಿ ಟೈಮ್ ಕೊಡ್ತೀವಿ' ಅಂದ ತಕ್ಷಣ ಮನಸ್ಸು ಹಗುರಾಗೋದು ಸಹಜ. ಬೆಳಗಿನ ಟ್ರಾಫಿಕ್ ತಪ್ಪುತ್ತೆ, ಮಗುವಿಗೆ ಜ್ವರ ಬಂದರೆ ರಜೆಗಾಗಿ ಅಂಗಲಾಚಬೇಕಿಲ್ಲ.

ಆದರೆ ಒಂದು ಮಾತು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಅದಕ್ಕೆ ದಿನಕ್ಕೆ ಸುಮಾರು 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಕಚೇರಿಯ ವೇಳೆ ಬದಲಾಗಿ, ಈ ಲೆಕ್ಕ ಮಾತ್ರ ಹಾಗೇ ಉಳಿದರೆ ಕಡಿತವಾಗೋದು ನಿಮ್ಮ ನಿದ್ದೆಯೇ. ಎಲ್ಲರೂ ಮಲಗಿದ ಮೇಲೆ ಲ್ಯಾಪ್‌ಟಾಪ್ ತೆರೆಯೋದು, ಬೆಳಿಗ್ಗೆ ಐದಕ್ಕೆ ಎದ್ದು ಕುಕ್ಕರ್ ಇಡೋದು. ತಲೆನೋವು, ಸಿಡುಕು ತಾನಾಗೇ ಹಿಂದೆ ಬರುತ್ತೆ.

ಹಾಗಂತ ಅವಕಾಶ ಬಿಡಬೇಡಿ. ಕೆಲಸ ಶುರುವಾಗುವ, ಮುಗಿಯುವ ಹೊತ್ತನ್ನು ಕಚೇರಿಯಿಂದ ಬರವಣಿಗೆಯಲ್ಲೇ ಪಡೆಯಿರಿ. ಅದರ ಒಂದು ಪ್ರತಿ ಫ್ರಿಜ್ ಮೇಲೆ ಅಂಟಿಸಿ, ಮನೆಯವರಿಗೂ ಗೊತ್ತಿರಲಿ. ಆ ಹೊತ್ತಿನಲ್ಲಿ ನೀವು ಮನೆಯಲ್ಲಿದ್ದರೂ ಕೆಲಸದಲ್ಲಿದ್ದೀರಿ. ಗ್ಯಾಸ್ ಸಿಲಿಂಡರ್ ಬಂದರೆ ಬೇರೆಯವರು ಬಾಗಿಲು ತೆಗೆಯಲಿ.

ಮನೆಯಲ್ಲಿ ಬಾಣಂತಿ ಮಗಳೋ ಸೊಸೆಯೋ ಇದ್ದರೆ ಅವಳಿಗೂ ತಿಳಿಸಿ: ಕೆಲಸದ ಸ್ವರೂಪ ಹೊಂದಿದರೆ, ಮಾಲೀಕರ ಒಪ್ಪಿಗೆಯೊಂದಿಗೆ, ಹೆರಿಗೆ ರಜೆಯ ನಂತರ ಮನೆಯಿಂದಲೇ ದುಡಿಯುವ ಅವಕಾಶ 2017ರಲ್ಲೇ ಕಾನೂನಿಗೆ ಸೇರಿತು. ಕೇಳೋಕೆ ಸಂಕೋಚ ಯಾಕೆ?

ಕೊನೆಯದಾಗಿ, ಫ್ಲೆಕ್ಸಿ ಟೈಮ್ ಬರೀ ಹೆಂಗಸರ ಸೌಲಭ್ಯ ಅಲ್ಲ. ವಾರಕ್ಕೆ ಎರಡು ದಿನ ನಿಮ್ಮ ಯಜಮಾನರೂ ಕೇಳಲಿ. ಅವರು ಮಗುವಿಗೆ ಊಟ ಮಾಡಿಸಿ ಮಲಗಿಸಿದ ರಾತ್ರಿ, ನೀವು ಹತ್ತಕ್ಕೇ ನೆಮ್ಮದಿಯಾಗಿ ದೀಪ ಆರಿಸಬಹುದು.