ಅದೇ ಮರ, ಹೊಸ ಬೇರು

ಮಕ್ಕಳೇ, ಮೊದಲು ಒಂದು ಪ್ರಶ್ನೆ. ರುಚಿಯಾದ ಬಾದಾಮಿ ಮಾವಿನ ಹಣ್ಣು ತಿಂದು ಅದರ ಗೊರಟನ್ನು ಹಿತ್ತಲಲ್ಲಿ ಹೂತರೆ, ಮುಂದೆ ಆ ಗಿಡದಲ್ಲಿ ಅದೇ ಬಾದಾಮಿ ಹಣ್ಣು ಬಿಡುತ್ತದೆಯೇ?

ಬಿಡುವುದಿಲ್ಲ ಎಂದೇ ಹೇಳಬೇಕು. ಗೊರಟಿನೊಳಗಿನ ಬೀಜಕ್ಕೆ ತಾಯಿಮರದ ಗುಣ ಅರ್ಧ, ಪರಾಗ ಕೊಟ್ಟ ಇನ್ನಾವುದೋ ಮರದ ಗುಣ ಅರ್ಧ. ಅಮ್ಮನ ಮೂಗು, ಅಪ್ಪನ ಕಿವಿ ಪಡೆದು ನೀವು ಹುಟ್ಟಿದ್ದೀರಲ್ಲ, ಹಾಗೆ. ಕರಾವಳಿಯ ಓಲೂರು, ಬಪ್ಪಕಾಯಿಯಂಥ ಕೆಲವು ತಳಿಗಳು ಮಾತ್ರ ಇದಕ್ಕೆ ಹೊರತು. ಅವುಗಳ ಒಂದೇ ಗೊರಟಿನಿಂದ ನಾಲ್ಕಾರು ಮೊಳಕೆ ಬರುತ್ತವೆ, ಹೆಚ್ಚಿನವು ತಾಯಿಯನ್ನೇ ಹೋಲುತ್ತವೆ.

ನಮ್ಮ ಮಲೆನಾಡಿನ ಅಪ್ಪೆಮಿಡಿಯ ವಿಷಯದಲ್ಲಿ ಇದು ದೊಡ್ಡ ಮಾತು. ಹೊಳೆಯ ದಂಡೆಯಲ್ಲಿ, ಕಾಡಂಚಿನಲ್ಲಿ ತಾನಾಗಿ ಹುಟ್ಟಿದ ಮರಗಳು ಅವು. ಒಂದರ ಸೊನೆಗೆ ಜೀರಿಗೆಯ ಪರಿಮಳ, ಇನ್ನೊಂದಕ್ಕೆ ಕರ್ಪೂರದ ಘಮ. ಒಂದು ಮರದಂತೆ ಇನ್ನೊಂದಿಲ್ಲ. ಆ ಒಂದು ಮರ ಉರುಳಿದರೆ ಅದರ ಪರಿಮಳವೂ ಮುಗಿಯಿತು. ಗೊರಟು ನೆಟ್ಟು ಅದನ್ನು ವಾಪಸು ತರಲಾಗದು.

ಅದಕ್ಕೇ ಕಸಿ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಡ್ಜರ್ ಬರೆದ ನನಗೆ ಇದು ಜಂಟಿ ಖಾತೆಯಂತೆ ಕಾಣುತ್ತದೆ. ಬೇರು ಒಬ್ಬರದು, ಕೊಂಬೆ ಇನ್ನೊಬ್ಬರದು. ಬೇರು ನೀರು, ಉಪ್ಪು ಜಮಾ ಮಾಡುತ್ತದೆ, ಎಲೆ ಆಹಾರ ಜಮಾ ಮಾಡುತ್ತದೆ, ಇಬ್ಬರೂ ಬದುಕುತ್ತಾರೆ. ಹಣ್ಣು ಮಾತ್ರ ಕೊಂಬೆಯವರದೇ.

ಹೋದ ಮಳೆಗಾಲಕ್ಕೆ ಮುಂಚೆ ಸಾಗರದ ಹತ್ತಿರ ನಮ್ಮ ಅಣ್ಣನ ಮನೆಯ ಮುಂದಿನ ಜೀರಿಗೆ ಮಿಡಿ ಮರಕ್ಕೆ ಕೆಂಪು ಬಣ್ಣದಲ್ಲಿ ನಂಬರು ಬಿತ್ತು. ರಸ್ತೆ ಅಗಲವಾಗಬೇಕಂತೆ. ನಮ್ಮಜ್ಜಿಯ ಕಾಲದಿಂದ ಆ ಮರದ ಮಿಡಿಯೇ ಮನೆಯ ಉಪ್ಪಿನಕಾಯಿ ಭರಣಿಗೆ ಬೀಳುತ್ತಿತ್ತು. ಏಳನೇ ತರಗತಿಯ ಮೊಮ್ಮಗಳು, "ಅಜ್ಜಾ, ಮರ ಎತ್ತಿಕೊಂಡು ಹೋಗಕ್ಕಾಗಲ್ವಾ?" ಎಂದಳು. ಎತ್ತಿಕೊಂಡು ಹೋಗುವ ಉಪಾಯ ಹೀಗಿದೆ.

ಮೊದಲು ಗೊರಟು. ಯಾವ ಮಾವಾದರೂ ಸರಿ. ಹಣ್ಣು ತಿಂದ ವಾರದೊಳಗೆ ತೊಳೆದು, ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ತುಂಬಿದ ಚೀಲದಲ್ಲಿ ಹೂಳಿ. ಹಳೆಯ ಗೊರಟು ಮೊಳೆಯುವುದಿಲ್ಲ. ಎರಡು ಮೂರು ವಾರದಲ್ಲಿ ತಾಮ್ರದ ಬಣ್ಣದ ಎಲೆಯ ಸಸಿ ಏಳುತ್ತದೆ. 10-15 ದಿನದ ಈ ಎಳೆ ಸಸಿಯೇ ಕಸಿಗೆ ಸರಿ.

ಎರಡನೆಯದು ಕಸಿಕಡ್ಡಿ. ನಿಮಗೆ ಬೇಕಾದ ಮರದಲ್ಲಿ ಹೂ ಬಿಡದ, ಮೂರು ನಾಲ್ಕು ತಿಂಗಳಾದ, ಸಸಿಯಷ್ಟೇ ದಪ್ಪದ ಕುಡಿ ಆರಿಸಿ. ಮರದಲ್ಲಿರುವಾಗಲೇ ತೊಟ್ಟು ಬಿಟ್ಟು ಎಲೆಗಳನ್ನಷ್ಟೇ ಕತ್ತರಿಸಿ. 7-10 ದಿನದಲ್ಲಿ ತೊಟ್ಟು ಉದುರಿ ತುದಿಯ ಮೊಗ್ಗು ಉಬ್ಬುತ್ತದೆ. ಆಗ 4-5 ಅಂಗುಲದ ಕಡ್ಡಿ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ತನ್ನಿ.

ಮೂರನೆಯದು ಬ್ಲೇಡಿನ ಕೆಲಸ. ಇದು ಅಜ್ಜ ಅಜ್ಜಿಯರದು, ಮಕ್ಕಳು ಸಸಿ ಹಿಡಿದುಕೊಳ್ಳಲಿ. ಸೊನೆ ತಾಗಿದರೆ ಚರ್ಮ ಸುಡುತ್ತದೆ, ಕೂಡಲೇ ತೊಳೆಯಿರಿ. ಸಸಿಯನ್ನು ಗೊರಟಿನಿಂದ 2-3 ಅಂಗುಲ ಮೇಲೆ ಕತ್ತರಿಸಿ, ನಡುವೆ ಒಂದೂವರೆ ಅಂಗುಲ ಸೀಳಿ. ಕಡ್ಡಿಯ ಬುಡವನ್ನು ಎರಡೂ ಕಡೆ ಹೆರೆದು ಬೆಣೆಯಂತೆ ಮಾಡಿ ಸೀಳಿನೊಳಗೆ ಇಳಿಸಿ.

ಗುಟ್ಟು ಇರುವುದು ಇಲ್ಲಿ. ತೊಗಟೆಯ ಒಳಗೆ, ಕಟ್ಟಿಗೆಗೆ ಅಂಟಿಕೊಂಡು ತೆಳುವಾದ ಒದ್ದೆ ಪದರವಿದೆ. ವಿಜ್ಞಾನದ ಪುಸ್ತಕದಲ್ಲಿ ಇದಕ್ಕೆ ಕ್ಯಾಂಬಿಯಂ ಎನ್ನುತ್ತಾರೆ. ಗಿಡದಲ್ಲಿ ಹೊಸ ಕಟ್ಟಿಗೆ, ಹೊಸ ತೊಗಟೆ ಬೆಳೆಸುವುದು ಇದೇ. ಸಸಿಯ ಪದರ ಕಡ್ಡಿಯ ಪದರಕ್ಕೆ ತಾಗಿದರೆ ಮಾತ್ರ ಗಾಯ ಕೂಡುತ್ತದೆ. ಕಡ್ಡಿ ಸಪೂರವಿದ್ದರೆ ಒಂದು ಪಕ್ಕವಾದರೂ ತೊಗಟೆಗೆ ತೊಗಟೆ ಸೇರುವಂತೆ ಕೂರಿಸಿ.

ಆಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ, ಮೇಲಿಂದ ಐಸ್‌ಕ್ಯಾಂಡಿಯ ಉದ್ದ ಕವರನ್ನು ಟೊಪ್ಪಿಯಂತೆ ತೊಡಿಸಿ. ಕಡ್ಡಿ ಒಣಗಬಾರದು, ಮಳೆನೀರು ಒಳಗೆ ಹೋಗಬಾರದು. ನೆರಳಿನಲ್ಲಿಡಿ. ಮೂರು ನಾಲ್ಕು ವಾರದಲ್ಲಿ ಮೊಗ್ಗು ಒಡೆದರೆ ಟೊಪ್ಪಿ ತೆಗೆಯಿರಿ. ಕಸಿಯ ಕೆಳಗೆ ಬರುವ ಚಿಗುರನ್ನೆಲ್ಲ ಚಿವುಟಿ, ಇಲ್ಲವಾದರೆ ಬೇರಿನ ಸಸಿಯೇ ಮೇಲೆದ್ದು ಕಡ್ಡಿ ಸೊರಗುತ್ತದೆ. ಗಾಯ ಕೂಡಿದ ಮೇಲೆ ಪಟ್ಟಿ ಬಿಚ್ಚುವುದನ್ನು ಮರೆಯಬೇಡಿ, ಗಿಡ ದಪ್ಪವಾದಂತೆ ಅದು ಕುತ್ತಿಗೆ ಹಿಸುಕುತ್ತದೆ.

ನಾವು ಹತ್ತು ಕಟ್ಟಿದೆವು, ಆರು ಚಿಗುರಿದವು. ದೀಪಾವಳಿಯ ಹೊತ್ತಿಗೆ ಮರ ಹೋಯಿತು. ಒಂದು ಸಸಿಯ ಎಲೆ ಕಿವುಚಿ ಮೊಮ್ಮಗಳ ಮೂಗಿನ ಹತ್ತಿರ ಹಿಡಿದೆ. "ಅದೇ ಅಜ್ಜಾ, ಅದೇ!" ಎಂದಳು. ಅದೇ ಹೌದು. ಅದು ಆ ಮರದ ಮಗಳಲ್ಲ, ಆ ಮರದ್ದೇ ಕೊಂಬೆ. ನಾಲ್ಕೈದು ವರ್ಷದಲ್ಲಿ ಮಿಡಿ ಬಿಟ್ಟೀತು.

ನಿಮ್ಮ ಊರಲ್ಲೂ ಇಂಥ ಒಂಟಿ ಮರ ಇರಬಹುದು. ಸೈಟು ಮಾರುವವರು, ರಸ್ತೆ ಮಾಡುವವರು ಬರುವ ಮೊದಲೇ ಜೂನ್ ತಿಂಗಳಲ್ಲಿ ಗೊರಟು ಹೂಳಿ. ಕಸಿ ಕಟ್ಟಿದ ದಿನವೇ ಚೀಲಕ್ಕೆ ಒಂದು ಚೀಟಿ ಕಟ್ಟಿ, ಮರ ಯಾವುದು, ಯಾರ ಮನೆಯದು, ತಾರೀಖು ಎಷ್ಟು ಎಂದು ಬರೆಯಿರಿ. ಸಸಿಗಳೆಲ್ಲ ನೋಡಲು ಒಂದೇ ಥರ. ಅಜ್ಜಿಗೆ ನೆನಪಿರುವ ಹೆಸರನ್ನು ಅಜ್ಜಿ ಇರುವಾಗಲೇ ಕೇಳಿ ಬರೆದುಕೊಳ್ಳಬೇಕು.