ದಿನ ಎಣಿಸೋ ಕೆಲಸ ಅವಳೊಬ್ಬಳದ್ದಾ?

ಮುಟ್ಟಿನ ದಿನ ಬರೆದಿಡುವ ಆ್ಯಪ್‌ಗಳ ಮೇಲೆ ನನಗೇನೂ ಸಿಟ್ಟಿಲ್ಲ. ಸಿಟ್ಟಿರೋದು, ಮಗು ಬೇಕು ಅಂತ ಇಬ್ಬರೂ ಕೂತು ತೀರ್ಮಾನ ಮಾಡಿ, ಆಮೇಲೆ 'ಡೇಟ್ ಬಂದಾಗ ಹೇಳು' ಅಂತ ಹೆಂಡತಿಗೆ ಹೇಳಿ ಲ್ಯಾಪ್‌ಟಾಪ್ ತೆರೆಯುವ ಗಂಡಂದಿರ ಮೇಲೆ.

ಮೊದಲು ಆ್ಯಪ್ ಏನು ಮಾಡುತ್ತೆ ನೋಡಿ. ಬರೀ ದಿನಾಂಕ ತುಂಬಿಸಿದರೆ ಅದಕ್ಕೆ ಅಂಡಾಶಯ ಕಾಣಿಸುವುದಿಲ್ಲ. ಹಿಂದಿನ ತಿಂಗಳುಗಳ ಲೆಕ್ಕ ಹಿಡಿದು ಮುಂದಿನ ಮುಟ್ಟು ಯಾವಾಗ ಅಂತ ಊಹಿಸುತ್ತೆ, ಅಲ್ಲಿಂದ ಸುಮಾರು 14 ದಿನ ಹಿಂದಕ್ಕೆ ಎಣಿಸುತ್ತೆ. 28 ದಿನದ ಚಕ್ರವಾದರೆ 14ನೇ ದಿನದ ಆಸುಪಾಸು. 35 ದಿನದ್ದಾದರೆ 21ನೇ ದಿನದ ಆಸುಪಾಸು. ಜ್ವರ, ನಿದ್ದೆಗೇಡು, ಟೆನ್ಷನ್ ಯಾವುದು ಬಂದರೂ ಲೆಕ್ಕ ಆಚೀಚೆ ಆಗಬಹುದು. ನಾವು ಮ್ಯಾನೇಜರಿಗೆ ಕೊಡುವ ಎಸ್ಟಿಮೇಟ್ ಇದ್ದ ಹಾಗೆ. ಅದನ್ನೇ ಡೆಡ್‌ಲೈನ್ ಮಾಡಿಕೊಂಡು 'ಇವತ್ತು ರಾತ್ರಿಯೇ ಆಗಬೇಕು' ಅಂತ ಕೂತರೆ ಮನೆಯೂ ಆಫೀಸೇ ಆಗುತ್ತೆ.

ಅಷ್ಟು ಗಾಬರಿ ಬೇಕಾಗಿಯೂ ಇಲ್ಲ. ಅಂಡಾಣು ಹೊರಬಂದ ಮೇಲೆ ಹೆಚ್ಚೆಂದರೆ ಒಂದು ದಿನ ಬದುಕುತ್ತೆ. ವೀರ್ಯಾಣು ಹೆಂಗಸಿನ ದೇಹದೊಳಗೆ ಐದು ದಿನದವರೆಗೂ ಬದುಕಬಲ್ಲದು. ಹಾಗಾಗಿ ಬಸಿರು ನಿಲ್ಲುವ ಸಾಧ್ಯತೆ ಒಂದೇ ದಿನಕ್ಕೆ ಕಟ್ಟಿಬಿದ್ದಿಲ್ಲ, ಸುಮಾರು ಆರು ದಿನ ಇರುತ್ತೆ. ಎರಡು ಮೂರು ದಿನಕ್ಕೊಮ್ಮೆ ಸೇರಿದರೆ ಸಾಕು ಅಂತಲೇ ವೈದ್ಯರು ಹೇಳೋದು.

ಈ ಎಣಿಕೆ ನಮ್ಮ ಕಾಲದಲ್ಲಿ ಶುರುವಾದದ್ದೂ ಅಲ್ಲ. 1950ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಬಂದ ಅಮೆರಿಕದ ಡಾ. ಅಬ್ರಹಾಂ ಸ್ಟೋನ್ ಸಲಹೆಯಂತೆ, ದೆಹಲಿಯ ಲೋದಿ ಕಾಲೊನಿಯಲ್ಲೂ ಆಗಿನ ಮೈಸೂರು ರಾಜ್ಯದ ರಾಮನಗರದಲ್ಲೂ ಒಂದು ಪ್ರಯೋಗ ನಡೆಯಿತು. ಲೆಕ್ಕ ಇದೇ, ಉದ್ದೇಶ ಮಾತ್ರ ಉಲ್ಟಾ: ಮಗು ಆಗದಿರಲು ಆ ದಿನಗಳನ್ನು ತಪ್ಪಿಸುವುದು. ಅದಕ್ಕಾಗಿ ಬಣ್ಣದ ಮಣಿಗಳ ಸರ ಮಾಡಿದ್ದರು. ಹೆಂಗಸು ದಿನಕ್ಕೊಂದು ಮಣಿ ಸರಿಸಬೇಕು, ಬಣ್ಣ ನೋಡಿ ದಿನ ಎಂಥದ್ದು ಅಂತ ತಿಳೀಬೇಕು. ಪ್ರಯೋಗ ಅಂದುಕೊಂಡಷ್ಟು ಫಲ ಕೊಡಲಿಲ್ಲ. ಕೊಡೋದಾದರೂ ಹೇಗೆ? ಸರ ಅವಳ ಕೊರಳಿಗೆ ಬಂತು, 'ಬೇಡ' ಅನ್ನುವ ಅಧಿಕಾರ ಎಷ್ಟು ಮನೆಗಳಲ್ಲಿ ಅವಳಿಗಿತ್ತು? ಎಪ್ಪತ್ತು ವರ್ಷದಲ್ಲಿ ಮಣಿ ಹೋಗಿ ಮೊಬೈಲ್ ಬಂತು, ಎಣಿಸುವ ಕೈ ಮಾತ್ರ ಬದಲಾಗಲಿಲ್ಲ.

ನಮ್ಮ ಮಾಲೇಕಲ್ಲು ಕಡೆ ಮದುವೆಯಾಗಿ ವರ್ಷ ತುಂಬಿತು ಅಂದರೆ 'ಏನಮ್ಮ, ಇನ್ನೂ ಏನೂ ಇಲ್ವಾ?' ಅಂತ ಕೇಳೋದು ಸೊಸೆಯನ್ನೇ. ಉಪವಾಸ ಅವಳಿಗೆ, ಹರಕೆ ಅವಳಿಗೆ, ಬೆಟ್ಟದ ವೆಂಕಟರಮಣನ ಮೆಟ್ಟಿಲು ಬರಿಗಾಲಲ್ಲಿ ಹತ್ತೋದೂ ಅವಳಿಗೇ. ಬೆಂಗಳೂರಿಗೆ ಬಂದ ನಾವು ಅದನ್ನು ಮೂಢನಂಬಿಕೆ ಅಂತ ನಗ್ತೀವಿ. ಆದರೆ ಇಲ್ಲಿ ನಡೆಯೋದೇನು? ಥೈರಾಯ್ಡ್ ಟೆಸ್ಟ್ ಅವಳಿಗೆ, ಸ್ಕ್ಯಾನಿಂಗ್ ಅವಳಿಗೆ, ಮಾತ್ರೆ ಅವಳಿಗೆ. ಗಂಡನ ವೀರ್ಯ ಪರೀಕ್ಷೆಯ ಮಾತು ಬಂದರೆ 'ನನಗೇನಾಗಿದೆ?' ಅನ್ನುವ ಉತ್ತರ. ಮಕ್ಕಳಾಗದ ಜೋಡಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟರಲ್ಲಿ ಗಂಡಿನ ಕಡೆಯ ತೊಂದರೆಯ ಪಾಲೂ ಇರುತ್ತೆ ಸ್ವಾಮಿ! ಅವನ ಮೊದಲ ಪರೀಕ್ಷೆಗೆ ಸೂಜಿಯಿಲ್ಲ, ನೋವಿಲ್ಲ. ಬೇಕಾದ್ದು ಒಂದು ಸಣ್ಣ ಡಬ್ಬಿ, ಎರಡು ಮೂರು ದಿನದ ಸಂಯಮ. ಪ್ರೊಡಕ್ಷನ್‌ನಲ್ಲಿ ಬಗ್ ಬಂದರೆ ಅರ್ಧ ಕೋಡ್ ಮಾತ್ರ ನೋಡಿ ಟಿಕೆಟ್ ಕ್ಲೋಸ್ ಮಾಡ್ತೀರಾ? ಇಲ್ಲಿ ಮಾತ್ರ ಯಾಕೆ?

ಆ್ಯಪ್ ಬಳಸಿ, ಬೇಡ ಅನ್ನಲ್ಲ. ಅವಳು ಒಪ್ಪಿದರೆ ಆ ದಿನಾಂಕ ನಿಮ್ಮ ಕ್ಯಾಲೆಂಡರಿನಲ್ಲೂ ಇರಲಿ, ನೆನಪಿಡುವ ಕೆಲಸ ನಿಮ್ಮದಾಗಲಿ. ವರ್ಷ ಪ್ರಯತ್ನಿಸಿಯೂ ಆಗಲಿಲ್ಲವೆಂದರೆ, ಅವಳಿಗೆ 35 ದಾಟಿದ್ದರೆ ಆರು ತಿಂಗಳಿಗೇ, ಡಾಕ್ಟರ ಹತ್ತಿರ ಹೋಗಿ. ಮುಟ್ಟು ಏರುಪೇರಾಗಿದ್ದರೆ ಅಷ್ಟೂ ಕಾಯಬೇಡಿ. ಹೋಗುವಾಗ ಇಬ್ಬರೂ ಹೋಗಿ, ಒಂದೇ ದಿನ, ಇಬ್ಬರ ಹೆಸರಲ್ಲೂ ಚೀಟಿ ಮಾಡಿಸಿ. ಹುಟ್ಟಿದ ಮಗುವಿಗೆ ಇನಿಷಿಯಲ್ ಕೊಡೋಕೆ ಮುಂದೆ ಬರುವವರು, ಅದಕ್ಕೂ ಮೊದಲು ಸ್ಯಾಂಪಲ್ ಕೊಡೋಕೂ ಮುಂದೆ ಬರಲಿ.